ಬೀರುವಿನಲ್ಲಿ ಉಳಿದ ಎರಡು ದುಂಬಿ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)

ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ ‘ಜೇನು ವಿಜ್ಞಾನಿ’ ಎಂದು ಹಾಕಿಸಿದ್ದಾರೆ. ಅದರ ಫಲ ಏನಾಯಿತೆಂದರೆ, ನಿನ್ನೆಯಿಂದ ಮೂರು ಜನ ನನ್ನನ್ನು ಪಕ್ಕಕ್ಕೆ ಕರೆದು, ‘ನಮ್ಮ ಪೆಟ್ಟಿಗೆಯ ಜೇನು ಯಾಕೆ ಎದ್ದು ಹೋಗ್ತದೆ?’ ಎಂದು ಕೇಳಿದ್ದಾರೆ. ಅವರ ಕ್ಷಮೆ ಕೇಳಬೇಕು. ನಾನು ಇಷ್ಟು ವರ್ಷ ಕೆಲಸ ಮಾಡಿದ್ದು ತುಪ್ಪ ಕೊಡುವ ಜೇನಿನ ಮೇಲಲ್ಲ. ಅದರ ದಾಯಾದಿ ಬಂಬಲ್‌ಬೀ ಎಂಬ ಹುಳುವಿನ ಮೇಲೆ. ತಮಾಷೆಯೆಂದರೆ ಆ ಹುಳು ನಮ್ಮ ಊರಲ್ಲಿ ಇಲ್ಲವೇ ಇಲ್ಲ.

ಕೆಲವು ಪುಸ್ತಕಗಳಲ್ಲಿ ಇದನ್ನು ‘ದುಂಬಿ’ ಎಂದು ಬರೆಯುತ್ತಾರೆ. ಅದು ಸರಿಯಲ್ಲ. ನಾವು ದುಂಬಿ ಎನ್ನುವುದು ಮನೆಯ ಜಂತಿಗೆ, ಒಣಗಿದ ಬಿದಿರಿಗೆ ದುಂಡಗೆ ತೂತು ಕೊರೆಯುತ್ತದಲ್ಲ, ಆ ಕರಿ ಹುಳುವನ್ನು. ಬಂಬಲ್‌ಬೀ ಚಳಿ ಸೀಮೆಯದು, ಮೈತುಂಬ ಉಣ್ಣೆಯಂಥ ಕೂದಲು. ರೆಕ್ಕೆಯ ಸ್ನಾಯುಗಳನ್ನು ನಡುಗಿಸಿ ತನ್ನ ಮೈಯನ್ನು ತಾನೇ ಬಿಸಿ ಮಾಡಿಕೊಳ್ಳುತ್ತದೆ. ಹಾಗಾಗಿ ಬೇರೆ ಜೇನು ಗೂಡು ಬಿಟ್ಟು ಏಳದಂಥ ಥಂಡಿಯಲ್ಲೂ ಇದು ಹಾರಬಲ್ಲದು. ಪ್ರಪಂಚದಲ್ಲಿ ಸುಮಾರು 250 ಜಾತಿಗಳಿವೆ. ನಮ್ಮ ದೇಶದಲ್ಲಿ ನೋಡಬೇಕೆಂದರೆ ಕಾಶ್ಮೀರದಿಂದ ಅರುಣಾಚಲದವರೆಗಿನ ಹಿಮಾಲಯಕ್ಕೆ ಹೋಗಬೇಕು.

ಹಾಗಾದರೆ ಇದನ್ನು ಇಲ್ಲಿ ಯಾಕೆ ಹೇಳುತ್ತಿದ್ದೀರಿ ಎಂದು ಮಕ್ಕಳು ಕೇಳಬಹುದು. ಕಾರಣ ಬದನೆ ಹೂವಿನಲ್ಲಿದೆ.

ಬದನೆ ಹೂವಿನ ನಡುವೆ ಹಳದಿ ಕಡ್ಡಿಗಳ ಗೊಂಚಲು ನೋಡಿದ್ದೀರಲ್ಲ, ಅವು ಪರಾಗಕೋಶಗಳು. ದಾಸವಾಳದ ಹಾಗೆ ಇದರ ಪರಾಗ ಹೊರಗೆ ಅಂಟಿಕೊಂಡಿರುವುದಿಲ್ಲ, ಒಳಗೇ ಇರುತ್ತದೆ. ತುದಿಯಲ್ಲಿ ಮಾತ್ರ ಸಣ್ಣ ರಂಧ್ರ, ಉಪ್ಪಿನ ಡಬ್ಬಿಯ ಮುಚ್ಚಳದ ಹಾಗೆ. ಅಲ್ಲಾಡಿಸಿದರೆ ಉದುರುತ್ತದೆ. ಟೊಮೆಟೊ ಹೂವಿನದೂ ಹೆಚ್ಚುಕಡಿಮೆ ಇದೇ ಕತೆ. ಪೆಟ್ಟಿಗೆಯ ಜೇನಿಗೆ ಈ ಅಲ್ಲಾಡಿಸುವ ವಿದ್ಯೆ ಬರುವುದಿಲ್ಲ. ಬಂಬಲ್‌ಬೀಗೆ ಬರುತ್ತದೆ. ಹೂವನ್ನು ತಬ್ಬಿ ಹಿಡಿದು, ರೆಕ್ಕೆ ಬಿಚ್ಚದೆ, ಹಾರುವ ಸ್ನಾಯುವನ್ನು ಮಾತ್ರ ಅದುರಿಸುತ್ತದೆ. ‘ಜೊಂಯ್’ ಎಂದು ಶಬ್ದ ಬರುತ್ತದೆ, ಪರಾಗ ಅದರ ಹೊಟ್ಟೆಯ ಮೇಲೆ ಉದುರುತ್ತದೆ. ನಮ್ಮಲ್ಲಿ ಈ ಕೆಲಸವನ್ನು ದುಂಬಿ ಮಾಡುತ್ತದೆ. ಬಾಲದ ಮೇಲೆ ನೀಲಿ ಪಟ್ಟೆಯಿರುವ ಇನ್ನೊಂದು ಚುರುಕು ಹುಳುವೂ ಮಾಡುತ್ತದೆ. ಹಳೆಯ ಮಣ್ಣಿನ ಗೋಡೆಗಳಲ್ಲಿ ಅದು ಗೂಡು ಮಾಡಿಕೊಂಡಿರುವುದನ್ನು ನೀವು ನೋಡಿರಬಹುದು.

ಈಗ ಯುರೋಪಿನ ಟೊಮೆಟೊ ಬೆಳೆಗಾರರ ಕಷ್ಟ ಕೇಳಿ. ಅವರು ಬೆಳೆಯುವುದು ಗಾಜಿನ ಮನೆಯೊಳಗೆ. ಗಾಳಿಯಿಲ್ಲ, ಹುಳುವಿಲ್ಲ. ಕೂಲಿ ಜನ ಬ್ಯಾಟರಿಯ ಕಡ್ಡಿ ಹಿಡಿದು ಸಾಲುಸಾಲು ಹೂಗೊಂಚಲನ್ನು ಅದುರಿಸಬೇಕಿತ್ತು, ಅದೂ ವಾರಕ್ಕೆ ಎರಡು ಮೂರು ಸಲ. 1985ರಲ್ಲಿ ಬೆಲ್ಜಿಯಂ ದೇಶದ ಪಶುವೈದ್ಯ ರೋಲಾಂಡ್ ಡಿ ಯೋಂಗ್ ಎಂಬವರು ಗಾಜಿನ ಮನೆಯೊಳಗೆ ಬಂಬಲ್‌ಬೀ ಬಿಟ್ಟು ನೋಡಿದರು. ಹುಳುಗಳು ಜನರಿಗಿಂತ ಚೆನ್ನಾಗಿ ಕೆಲಸ ಮಾಡಿದವು. ಎರಡೇ ವರ್ಷದಲ್ಲಿ ಅದು ಉದ್ಯಮವಾಯಿತು. ರಟ್ಟಿನ ಪೆಟ್ಟಿಗೆಯಲ್ಲಿ ಒಂದು ರಾಣಿ, ಒಂದಷ್ಟು ಕೆಲಸಗಾರ ಹುಳು ಹಾಕಿ ಸಮುದ್ರದಾಚೆಯ ದೇಶಗಳಿಗೆಲ್ಲ ಕಳಿಸತೊಡಗಿದರು. ಇದರಿಂದ ಒಂದು ಒಳ್ಳೆಯದಂತೂ ಆಯಿತು. ಹುಳು ಸಾಯುತ್ತದೆಂಬ ಭಯಕ್ಕೆ ಬೆಳೆಗಾರರು ಔಷಧಿ ಹೊಡೆಯುವುದು ಕಡಿಮೆ ಮಾಡಿದರು.

ಕೆಟ್ಟದ್ದು ಆಮೇಲೆ ಬಂತು. ಚಿಲಿ ದೇಶಕ್ಕೆ 1997ರ ಹೊತ್ತಿಗೆ ಯುರೋಪಿನ ಬಂಬಲ್‌ಬೀ ತರಿಸಿದರು. ಅದು ಹಸಿರುಮನೆಯಿಂದ ಆಚೆ ಬಂದು, ಆಂಡಿಸ್ ಪರ್ವತ ದಾಟಿ 2006ಕ್ಕೆ ಅರ್ಜೆಂಟೀನಾ ಸೇರಿತು. ಅಲ್ಲಿನ ಸ್ಥಳೀಯ ಜಾತಿ ಕಿತ್ತಳೆ ಬಣ್ಣದ್ದು, ಪ್ರಪಂಚದ ಬಂಬಲ್‌ಬೀಗಳಲ್ಲೇ ಅತಿ ದೊಡ್ಡದು. ಹೊಸ ಹುಳು ಹೋದ ಕಡೆಯಲ್ಲೆಲ್ಲ ಅದು ಕಾಣೆಯಾಗುತ್ತ ಹೋಯಿತು. ಹೊಸದರ ಜೊತೆಗೆ ಕರುಳಿನ ಪರಾವಲಂಬಿ ರೋಗಾಣುಗಳೂ ಬಂದವೆಂದು ಪರೀಕ್ಷೆಗಳು ತೋರಿಸಿವೆ.

ಅಮೆರಿಕದ ಕತೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಅಲ್ಲಿ ರಾಬಿನ್ ಥಾರ್ಪ್ ಎಂಬ ಪ್ರೊಫೆಸರರಿದ್ದರು. ಕ್ಯಾಲಿಫೋರ್ನಿಯಾ ಮತ್ತು ಆರೆಗಾನ್ ರಾಜ್ಯಗಳ ಗಡಿಯ ಚಿಕ್ಕ ಪ್ರದೇಶದಲ್ಲಿ ಮಾತ್ರ ಸಿಗುವ ಫ್ರಾಂಕ್ಲಿನ್ ಬಂಬಲ್‌ಬೀಯನ್ನು ಅವರು ಪ್ರತಿ ಬೇಸಿಗೆ ಎಣಿಸುತ್ತಿದ್ದರು. 1998ರಲ್ಲಿ ಅವರಿಗೆ ಕಂಡದ್ದು 94 ಹುಳು. 2003ರಲ್ಲಿ ಮೂರು. 2006ರ ಆಗಸ್ಟಿನಲ್ಲಿ ಒಂದು ಪರ್ವತದ ಮೇಲೆ ಒಂದೇ ಒಂದು. ಆಮೇಲೂ ಅವರು ವರ್ಷವರ್ಷ ಬಲೆ ಹಿಡಿದು ಹೋದರು. 2019ರಲ್ಲಿ ತೀರಿಕೊಳ್ಳುವವರೆಗೆ ಇನ್ನೊಂದು ಸಿಗಲಿಲ್ಲ.

ಥಾರ್ಪ್ ಅವರ ಊಹೆ ಹೀಗಿತ್ತು: ತೊಂಬತ್ತರ ದಶಕದ ಆರಂಭದಲ್ಲಿ ಅಮೆರಿಕದ ರಾಣಿಗಳನ್ನು ಸಾಕಲು ಯುರೋಪಿಗೆ ಕಳಿಸಿ ವಾಪಸು ತಂದರು, ಅವುಗಳ ಜೊತೆ ನೊಸೀಮಾ ಎಂಬ ಕರುಳಿನ ರೋಗ ಬಂತು. ಸಾಕಣೆ ಕೇಂದ್ರಗಳಲ್ಲಿ ಆ ರೋಗದಿಂದ ಹುಳುಗಳು ಸತ್ತದ್ದಂತೂ ನಿಜ. ಆದರೆ ಕಾಡಿನ ಹುಳುಗಳಿಗೆ ಅದು ಮೊದಲೇ ಇತ್ತೋ, ಆಮೇಲೆ ಬಂತೋ? ಇಪ್ಪತ್ತು ವರ್ಷ ಕಳೆದ ಮೇಲೆ ಅದನ್ನು ಯಾರನ್ನು ಕೇಳುವುದು?

ಕೇಳಿದ್ದು ಸತ್ತ ಹುಳುಗಳನ್ನು. ಸಿಡ್ನಿ ಕ್ಯಾಮರಾನ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಮ್ಯೂಸಿಯಂಗಳಲ್ಲಿ 1980ರಿಂದ ಸೂಜಿ ಚುಚ್ಚಿ ಇಟ್ಟಿದ್ದ ಬಂಬಲ್‌ಬೀಗಳನ್ನು ತೆಗೆಸಿ, ಅವುಗಳಲ್ಲಿ ರೋಗಾಣುವಿನ ಡಿಎನ್‌ಎ ಹುಡುಕಿದರು. 2016ರಲ್ಲಿ ಉತ್ತರ ಪ್ರಕಟವಾಯಿತು. ರೋಗಾಣು ಅಮೆರಿಕದಲ್ಲಿ ಮೊದಲಿನಿಂದಲೂ ಇತ್ತು, ಹೊರಗಿನಿಂದ ಹೊಸ ತಳಿ ಬಂದ ಗುರುತು ಸಿಗಲಿಲ್ಲ. ಆದರೆ ಸಾಕಣೆ ಕೇಂದ್ರಗಳಲ್ಲಿ ರೋಗ ಎದ್ದ ತೊಂಬತ್ತರ ದಶಕದಲ್ಲೇ, ಅಳಿಯುತ್ತಿದ್ದ ಜಾತಿಗಳಲ್ಲೂ ಅದು ಜೋರಾಗಿ ಹೆಚ್ಚಿತ್ತು. ಅಂದರೆ ಥಾರ್ಪ್ ಅರ್ಧ ಸರಿ, ಅರ್ಧ ತಪ್ಪು. ಆ ಹುಳುಗಳನ್ನು ಹಿಡಿದು ಇಟ್ಟವರಿಗೆ ಇಂಥ ಪ್ರಶ್ನೆ ಮುಂದೆ ಬರುತ್ತದೆಂಬ ಕಲ್ಪನೆಯೇ ಇರಲಿಲ್ಲ. ಅವರು ಮಾಡಿದ್ದು ಇಷ್ಟೇ: ಹುಳುವಿನ ಕೆಳಗೆ ಒಂದು ಚೀಟಿ, ಚೀಟಿಯಲ್ಲಿ ಊರು, ತಾರೀಖು, ಹಿಡಿದವರ ಹೆಸರು.

ಈಗ ನಮ್ಮ ಊರಿಗೆ ಬರುತ್ತೇನೆ. ಇಲ್ಲಿರುವ ಹಿರಿಯರಿಗೆ 1992 ನೆನಪಿರುತ್ತದೆ. ಆಗ ನಮ್ಮಪ್ಪಯ್ಯನ ಹತ್ತಿರ ಹದಿನೆಂಟು ಪೆಟ್ಟಿಗೆ ತುಡುವೆ ಇತ್ತು. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಹಿಂದಿನ ವರ್ಷವಷ್ಟೇ ದಕ್ಷಿಣ ಭಾರತಕ್ಕೆ ಕಾಲಿಟ್ಟಿತ್ತು. ಎಪ್ಪತ್ತರ ದಶಕದಲ್ಲಿ ಥಾಯ್ಲೆಂಡಿನಲ್ಲಿ ಮೊದಲು ಗುರುತಿಸಿದ್ದರಿಂದ ಅದಕ್ಕೆ ಆ ಹೆಸರು. ಮರಿಹುಳುಗಳು ಕಣದಲ್ಲೇ ನೀರು ತುಂಬಿದ ಚೀಲದ ಹಾಗಾಗಿ ಸಾಯುತ್ತಿದ್ದವು. ಮದ್ದಿಲ್ಲ. ಅಪ್ಪಯ್ಯ ದಿನಾ ಬೆಳಿಗ್ಗೆ ಚೌಕಟ್ಟು ಎತ್ತಿ ನೋಡಿ, ಏನೂ ಮಾತಾಡದೆ ಮುಚ್ಚುತ್ತಿದ್ದರು. ಮುಂದಿನ ಬೇಸಿಗೆಗೆ ಉಳಿದದ್ದು ಎರಡು. ಖಾಲಿ ಪೆಟ್ಟಿಗೆಗಳಲ್ಲಿ ಅಮ್ಮ ಅಡಿಕೆ ತುಂಬಿಟ್ಟರು. ನಾನು ಕೀಟಶಾಸ್ತ್ರ ಓದಲು ಹೋದದ್ದು ಆ ಪೆಟ್ಟಿಗೆಗಳನ್ನು ನೋಡಿ.

ತುಡುವೆ ಮೆಲ್ಲಗೆ ಚೇತರಿಸಿಕೊಂಡಿದೆ, ಸಂತೋಷ. ಆದರೆ ಆ ವರ್ಷ ಸತ್ತ ಹುಳುಗಳಲ್ಲಿ ಒಂದನ್ನೂ ನಮ್ಮೂರಲ್ಲಿ ಯಾರೂ ಎತ್ತಿಡಲಿಲ್ಲ. ಪೆಟ್ಟಿಗೆಯ ಜೇನಿಗಾದರೆ ಅಪ್ಪಯ್ಯನ ಹತ್ತಿರ ತುಪ್ಪದ ಲೆಕ್ಕದ ಪುಸ್ತಕವಿತ್ತು. ದುಂಬಿಗೆ, ನೀಲಿ ಪಟ್ಟೆಯ ಹುಳುವಿಗೆ ಲೆಕ್ಕ ಇಟ್ಟವರು ಯಾರು? ಈಗ ನಮ್ಮೂರಲ್ಲೂ ಎರಡು ಪಾಲಿಹೌಸ್ ಎದ್ದಿವೆ. ಅದರಲ್ಲೊಬ್ಬ ಹುಡುಗ ನಿನ್ನೆ ಊಟದ ಹೊತ್ತಿಗೆ, ‘ಟೊಮೆಟೊಗೆ ಹೊರಗಿಂದ ಹುಳ ತರಿಸಬಹುದಾ?’ ಎಂದು ಕೇಳಿದ. ತರಿಸಬೇಡ ಮಾರಾಯ ಎಂದೆ. ಬೇಲಿಯಂಚಿನಲ್ಲಿ ಒಣ ಬಿದಿರು, ಸತ್ತ ಮರದ ದಿಮ್ಮಿ ಬಿಟ್ಟಿರು, ಹೂವಿಗೆ ಹುಳು ಬರುವ ಹೊತ್ತಿನಲ್ಲಿ ಔಷಧಿ ಹೊಡೆಯಬೇಡ, ಪಕ್ಕದ ಬದನೆ ಸಾಲಿಗೆ ಏನೇನು ಬರುತ್ತದೆ ಎಂದು ಮೊದಲು ನೋಡು ಎಂದೆ. ಅವನಿಗೆ ಅಷ್ಟು ಸಮಾಧಾನವಾದ ಹಾಗೆ ಕಾಣಲಿಲ್ಲ. ಸಾಲ ಮಾಡಿದವನಿಗೆ ಇಂಥ ಉತ್ತರ ಸಾಲದು, ನನಗೂ ಗೊತ್ತು.

ನಿನ್ನೆ ಸಂಜೆ ಪ್ರಯೋಗಶಾಲೆಯ ಬೀರು ತೆಗೆಸಿದೆ. ನಾವು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ವಿಜ್ಞಾನದ ಮೇಷ್ಟ್ರು ನಮ್ಮಿಂದ ಮಾಡಿಸಿದ ಕೀಟದ ಪೆಟ್ಟಿಗೆ ಇನ್ನೂ ಇದೆ. ಗಾಜು ಒಡೆದಿದೆ. ಮೂವತ್ತೋ ನಲವತ್ತೋ ಹುಳುವಿದ್ದದ್ದರಲ್ಲಿ ಬಹುತೇಕ ಪುಡಿಯಾಗಿ ಸೂಜಿ ಮಾತ್ರ ನಿಂತಿವೆ. ಎರಡು ದುಂಬಿ ಉಳಿದಿವೆ. ಕೆಳಗೆ ಮೇಷ್ಟ್ರ ದುಂಡನೆಯ ಅಕ್ಷರದಲ್ಲಿ ಚೀಟಿ: ‘ಶಾಲಾ ತೋಟ, ಬದನೆ ಹೂ, 14-11-1988’. ಮಕ್ಕಳ ದಿನಾಚರಣೆಯ ದಿವಸ ನಮ್ಮನ್ನು ಬಿಸಿಲಲ್ಲಿ ಓಡಿಸಿದ್ದಕ್ಕೆ ಅವತ್ತು ನಾವೆಲ್ಲ ಅವರನ್ನು ಬೈದುಕೊಂಡಿದ್ದೆವು. ಮೇಷ್ಟ್ರು ಇವತ್ತು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಸಾರ್, ನಮ್ಮೂರಿನ ದುಂಬಿಯ ಬಗ್ಗೆ ಇರುವ ಬರವಣಿಗೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ನಿಮ್ಮ ಆ ಒಂದು ಚೀಟಿ ಮಾತ್ರ.

ನಾನು ಒಂದು ಹೊಸ ಪೆಟ್ಟಿಗೆ, ನಾಲ್ಕು ಡಬ್ಬಿ ಸೂಜಿ, ನುಸಿಗುಳಿಗೆ ತಂದಿದ್ದೇನೆ. ಕೈಗೆ ಸಿಕ್ಕಿದ್ದನ್ನೆಲ್ಲ ಸಾಯಿಸಬೇಕಾಗಿಲ್ಲ. ಒಂದು ಜಾತಿಗೆ ಒಂದೆರಡು ಸಾಕು, ಉಳಿದದ್ದನ್ನು ಎಣಿಸಿ ಪುಸ್ತಕದಲ್ಲಿ ಬರೆಯಿರಿ. ಚೀಟಿಯಿಲ್ಲದ ಹುಳುವನ್ನು ಮಾತ್ರ ಪೆಟ್ಟಿಗೆಗೆ ಸೇರಿಸಬೇಡಿ.

ನಾಳೆ ಬೆಳಿಗ್ಗೆ ಎಂಟು ಗಂಟೆಗೆ, ಬಿಸಿಯೂಟದ ಅಡುಗೆಮನೆಯ ಹಿಂದಿನ ಬದನೆ ಸಾಲಿಗೆ ಬರುವವರು ಬನ್ನಿ. ಪ್ರಯೋಗಶಾಲೆಯಲ್ಲಿ 256 ಎಂದು ಕೆತ್ತಿದ ಶ್ರುತಿ ಕವೆ ಇದೆ. ಅದನ್ನು ರಬ್ಬರಿಗೆ ಬಡಿದು ಹೂವಿನ ಹಳದಿ ಗೊಂಚಲಿಗೆ ಮುಟ್ಟಿಸಿ, ಕೆಳಗೆ ಕರಿ ಕಾಗದ ಹಿಡಿಯಿರಿ. ಪರಾಗ ಉದುರುವುದು ಕಾಣುತ್ತದೆ. ಕವೆಯಿರುವ ಕಪಾಟಿನ ಬೀಗದ ಕೈ ಹೆಡ್ಮಾಸ್ಟರ ಹತ್ತಿರವಿದೆ, ಕೊಡುತ್ತೇನೆ ಎಂದು ಒಪ್ಪಿದ್ದಾರೆ.