ಏಳಿಗೆಯ ಮೊದಲ ಮೆಟ್ಟಿಲು
(ಹುಬ್ಬಳ್ಳಿಯ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ನಾಡಿನ ಈ ಭಾಗದ ಆರ್ಥಿಕ ಅಭಿವೃದ್ಧಿಗೆ ಮೊದಲು ಯಾವುದು, ಆಮೇಲೆ ಯಾವುದು ಎಂಬುದನ್ನು ಗೊತ್ತುಪಡಿಸಿ ಸರಕಾರದ ಮುಂದಿಡಬೇಕೆಂಬುದು ಸಂಘದ ಇಚ್ಛೆ. ಬೇಡಿಕೆಗಳ ಪಟ್ಟಿಯನ್ನು ಬರೆಯುವದು ಕಠಿಣವಾದ ಕೆಲಸವಲ್ಲ. ಆದರೆ ಬೇಡುವ ಕೈ ಮೊದಲು ಶುದ್ಧವಾಗಿರಬೇಕು. ಆದುದರಿಂದ ಸರಕಾರವು ಮಾಡತಕ್ಕುದನ್ನು ಹೇಳುವ ಮುಂಚೆ ನಾವೇ ಮಾಡತಕ್ಕುದನ್ನು ಹೇಳುವೆವು.

ಹುಬ್ಬಳ್ಳಿಯು ಹತ್ತಿಯ ವ್ಯಾಪಾರದಿಂದ ಬೆಳೆದ ಊರು. 1861ರಿಂದ 1865ರ ವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧವು ನಡೆದು, ಅಲ್ಲಿಯ ಹತ್ತಿಯು ಇಂಗ್ಲಂಡಿನ ಗಿರಣಿಗಳಿಗೆ ದೊರೆಯದಾದಾಗ ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂದಿತು. ಬೆಲೆಯೊಡನೆ ಬೆರಕೆಯೂ ಬಂದಿತು. ಹತ್ತಿಯಲ್ಲಿ ನಡೆಯುವ ಮೋಸವನ್ನು ತಡೆಯುವದಕ್ಕೆಂದೇ ಮುಂಬಯಿ ಸರಕಾರವು 1863ರಲ್ಲಿ ಕಾಯಿದೆ ಮಾಡಬೇಕಾಯಿತು. ಯುದ್ಧ ಮುಗಿಯಿತು, ಬೆಲೆ ಕುಸಿಯಿತು. ಮುಂದೆ 1888ರಲ್ಲಿ ಕ್ಯಾಸಲ್‌ರಾಕಿನ ಘಟ್ಟವನ್ನಿಳಿದು ಮರ್ಮಗೋವೆಯ ಬಂದರವನ್ನು ಮುಟ್ಟುವ ರೇಲ್ವೆಯ ದಾರಿ ತೆರೆಯಿತು. ನಮ್ಮ ಮಾಲು ಕಚ್ಚಾ ಮಾಲಾಗಿಯೇ ಹೊರಟುಹೋಯಿತು. ಅದನ್ನು ನೂತು ನೆಯ್ದ ಕೂಲಿಯೂ ಕೌಶಲವೂ ಲಾಭವೂ ಪರಸ್ಥಳದವರ ಪಾಲಾದವು. ಈ ಹಳೆಯ ಕಥೆಯಲ್ಲಿ ಎರಡು ಪಾಠಗಳುಂಟು. ನಂಬಿಕೆಯಿಲ್ಲದ ಪೇಟೆ ನಿಲ್ಲಲಾರದು; ಕಚ್ಚಾ ಮಾಲನ್ನಷ್ಟೇ ಮಾರುವ ಸೀಮೆ ಶ್ರೀಮಂತವಾಗಲಾರದು.

ಮೊದಲನೆಯ ಪಾಠವು ಹಳೆಯದಾಗಿಲ್ಲ. 2024ರ ಮಾರ್ಚ ತಿಂಗಳಲ್ಲಿ ಬ್ಯಾಡಗಿಯ ಮೆಣಸಿನಕಾಯಿಯ ಪೇಟೆಯಲ್ಲಿ ಬೆಲೆ ಒಮ್ಮೆಲೆ ಇಳಿದಾಗ ರೈತರ ಸಿಟ್ಟು ಬೆಂಕಿಯಾಗಿ ವಾಹನಗಳನ್ನು ಸುಟ್ಟಿತು. ಸುಡುವದನ್ನು ನಾವು ಸರಿಯೆನ್ನಲಾರೆವು. ಆದರೆ ವರುಷದ ದುಡಿಮೆಯನ್ನು ಚೀಲದಲ್ಲಿ ತುಂಬಿ ತಂದವನಿಗೆ ಆ ದಿನವೇ ಮಾರದೆ ಗತಿಯಿಲ್ಲದಂತಾದುದು ಏಕೆ? ಅವನಲ್ಲಿ ಮಾಲನ್ನು ಕಾದಿಡುವ ಜಾಗೆಯಿಲ್ಲ. ಇಟ್ಟರೂ ಅದರ ಮೇಲೆ ಸಾಲ ಹುಟ್ಟುವದೆಂಬ ಭರವಸೆಯಿಲ್ಲ. ಬೆಲೆ ಏಕೆ ಇಳಿಯಿತೆಂದು ಅವನಿಗೆ ತಿಳಿಸಿ ಹೇಳುವವರೂ ಇಲ್ಲ. ಆದುದರಿಂದ ನಮ್ಮ ಮೊದಲನೆಯ ಆದ್ಯತೆಯಿದು: ತೂಕ ಸರಿಯಾಗಿರಬೇಕು, ಹಣವು ಹೇಳಿದ ದಿನಕ್ಕೆ ಸಲ್ಲಬೇಕು, ಪ್ರತಿಯೊಂದು ಪಟ್ಟಿಯೂ ಒಕ್ಕಲಿಗನು ಓದಬಲ್ಲ ಕನ್ನಡದಲ್ಲಿರಬೇಕು, ಉಗ್ರಾಣದ ರಸೀದಿಯ ಮೇಲೆ ಸಣ್ಣ ರೈತನಿಗೂ ಸಾಲ ದೊರೆಯಬೇಕು. ಇದರಲ್ಲಿ ಕೊನೆಯದೊಂದಕ್ಕೆ ಬ್ಯಾಂಕುಗಳ ಸಹಾಯ ಬೇಕು. ಉಳಿದ ಮೂರಕ್ಕೆ ನಮ್ಮ ಮನಸ್ಸೊಂದೇ ಸಾಕು.

ಎರಡನೆಯದು, ಮಾಲನ್ನು ಇಲ್ಲಿಯೇ ಹಸನುಗೊಳಿಸುವದು. ಬ್ಯಾಡಗಿಯ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅದರ ಹಿರಿಮೆಯಿರುವದು ಖಾರದಲ್ಲಲ್ಲ, ಬಣ್ಣದಲ್ಲಿ. ಆ ಕೆಂಪನ್ನು ಸತ್ವವಾಗಿ ತೆಗೆದು ತಿನಿಸುಗಳಿಗೂ ಪ್ರಸಾಧನಗಳಿಗೂ ಕೂಡಿಸುವರು. ಆದರೆ ಈ ಸತ್ವ ತೆಗೆಯುವ ಉದ್ದಿಮೆಯ ದೊಡ್ಡ ನೆಲೆಯು ಕೊಚ್ಚಿಯ ಸುತ್ತಮುತ್ತ ಇದೆ. ಬೆಳೆ ನಮ್ಮದು, ಬೆಲೆಯ ಹೆಚ್ಚಳ ಮತ್ತೊಬ್ಬರದು! ಕೇರಳದವರ ಮೇಲೆ ನಮಗೆ ಮತ್ಸರವಿಲ್ಲ. ಅವರ ಉದ್ಯಮಶೀಲತೆಯನ್ನು ಕಲಿಯಬೇಕೆಂದೇ ಹೇಳುವೆವು.

ಇಲ್ಲಿ ಬೆಂಗೇರಿಯನ್ನು ನೆನೆಯದೆ ಮುಂದುವರಿಯಲಾರೆವು. ಅಲ್ಲಿ 1957ರಲ್ಲಿ ಹುಟ್ಟಿದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ದೇಶಕ್ಕೆಲ್ಲ ರಾಷ್ಟ್ರಧ್ವಜವನ್ನು ಹೊಲಿದು ಕೊಟ್ಟಿತು. ನೂಲುವವರೂ ನೇಯುವವರೂ ಹೊಲಿಯುವವರೂ ಬಹುತೇಕ ಹೆಣ್ಣುಮಕ್ಕಳು. 2021ರ ಡಿಸೆಂಬರದಲ್ಲಿ ನಿಯಮವು ಬದಲಾಗಿ, ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ ಧ್ವಜಕ್ಕೂ ಒಪ್ಪಿಗೆ ದೊರೆತಂದಿನಿಂದ ಈ ಕೈಗಳ ಕೆಲಸಕ್ಕೆ ಕುತ್ತು ಬಂದಿದೆ. ನಮ್ಮ ಅಂಗಡಿ, ಶಾಲೆ, ಕಚೇರಿಗಳ ಮೇಲೆ ಹಾರುವ ಧ್ವಜವು ಬೆಂಗೇರಿಯದಾಗಿರಲೆಂದು ನಿಶ್ಚಯಿಸುವದಕ್ಕೆ ಯಾರ ಅಪ್ಪಣೆಯನ್ನು ಕಾಯಬೇಕು?

ಮೂರನೆಯದು ದಾರಿ. ನೈರುತ್ಯ ರೇಲ್ವೆಯ ಮುಖ್ಯ ಕಚೇರಿಯು 2003ರಿಂದ ನಮ್ಮ ಊರಿನಲ್ಲಿದೆ. 2023ರಲ್ಲಿ 1,507 ಮೀಟರು ಉದ್ದದ ಪ್ಲಾಟಫಾರ್ಮೂ ಆಯಿತು. ಆದರೆ ಅಂಕೋಲೆಯ ರೇಲ್ವೆಯು 1990ರ ದಶಕದಿಂದಲೂ ಕಾಗದಪತ್ರಗಳಲ್ಲಿಯೇ ಸಂಚರಿಸುತ್ತಿದೆ. ಸಹ್ಯಾದ್ರಿಯ ಕಾಡನ್ನು ಕಡಿದರೆ ಆಗುವ ಹಾನಿ ಚಿಕ್ಕದಲ್ಲ. ನಾವು ಕುಡಿಯುವ ಮಲಪ್ರಭೆಯೂ ಆ ಬೆಟ್ಟಸಾಲಿನ ಕಣಕುಂಬಿಯಲ್ಲಿಯೇ ಹುಟ್ಟುವಳು. ಆದುದರಿಂದ ಕಾಡು ಹೋದರೂ ಹೋಗಲಿ ಎಂದು ನಾವು ಕೂಗುವದಿಲ್ಲ. ಆಗುವದಾದರೆ ಕಾಡಿಗೆ ಕನಿಷ್ಠ ಹಾನಿಯಿಂದ ಆಗಲಿ. ಆಗದಿದ್ದರೆ ಆಗದೆಂದು ಹೇಳಿ ಇದ್ದ ದಾರಿಯನ್ನೇ ಬಲಪಡಿಸಲಿ. ತೂಗಾಡುವ ಮಾತನ್ನು ನಂಬಿ ಯಾವ ವರ್ತಕನೂ ಬಂಡವಾಳ ಹೂಡಲಾರನು.

ಕಡೆಯ ಮಾತು. 2002ರಲ್ಲಿ ಡಾ. ನಂಜುಂಡಪ್ಪನವರ ಸಮಿತಿಯು ರಾಜ್ಯದ 175 ತಾಲೂಕುಗಳಲ್ಲಿ 114 ಹಿಂದುಳಿದವೆಂದೂ, ಅತ್ಯಂತ ಹಿಂದುಳಿದ 39ರಲ್ಲಿ 26 ಉತ್ತರ ಕರ್ನಾಟಕದವೆಂದೂ ತೋರಿಸಿತು. ಎಲ್ಲವೂ ಬೆಂಗಳೂರಿನ ಪಾಲಾಯಿತೆಂದು ನಾವು ಮರುಗುವೆವು, ಅದು ಸುಳ್ಳಲ್ಲ. ಆದರೆ ಕಲಘಟಗಿಯವರೂ ಕುಂದಗೋಳದವರೂ ಹುಬ್ಬಳ್ಳಿಯನ್ನು ಕುರಿತು ಅದೇ ಮಾತನ್ನಾಡಿದರೆ ನಮ್ಮಲ್ಲಿ ಉತ್ತರವೇನಿದೆ? ಹರಿದು ಹಂಚಿಹೋಗಿದ್ದ ಕನ್ನಡ ಸೀಮೆಗಳು 1956ರಲ್ಲಿ ಒಂದಾದುದು ನಕಾಶೆಯ ಗೆರೆ ನೇರವಾಗಲೆಂದಲ್ಲ, ಒಂದೇ ಮನೆಯ ಮಕ್ಕಳಂತೆ ಉಂಡು ಬಾಳಲೆಂದು. ಹೊಸ ಕಾರಖಾನೆಯನ್ನು ಹೂಡುವವರು ತಾಲೂಕಿನ ಊರನ್ನೂ ನೋಡಲಿ.

ಉಪಾಧ್ಯಾಯ ಮಹಾಶಯರೆ, ನಿಮ್ಮಲ್ಲಿ ಒಂದೇ ಬಿನ್ನಹ. ಏಳನೆಯ ಇಯತ್ತೆಯನ್ನು ಮುಗಿಸಿದ ಒಕ್ಕಲಿಗರ ಮಗನು ತಂದೆಯ ಪಟ್ಟಿಯನ್ನು ಓದಿ, ತೂಕ, ದರ, ಕಡಿತಗಳನ್ನು ಲೆಕ್ಕಹಾಕಿ ತಪ್ಪಿದ್ದರೆ ತೋರಿಸುವಂತಾಗಲಿ. ಅಂಥ ಹುಡುಗನು ನಮ್ಮ ಅಂಗಡಿಯ ಮೆಟ್ಟಿಲನ್ನೇರಿದ ದಿನ ನಾವು ಅಂಜಬೇಕಾಗಿ ಬಾರದಿದ್ದರೆ, ಈ ಸೀಮೆಯ ಏಳಿಗೆ ಮೊದಲಾಯಿತೆಂದು ತಿಳಿಯಿರಿ.