ಎರೆನೆಲಕ್ಕೆ ಒಗ್ಗಿದ ಉಕ್ಕಿನ ಸೈಕಲ್ಲು



ಮಳೆಗಾಲದಲ್ಲಿ ಸೇಡಂ ಸೀಮೆಯ ಎರೆನೆಲಕ್ಕೆ ಸೈಕಲ್ ಇಳಿಸಿದವರಿಗೆ ಒಂದು ಅನುಭವ ತಪ್ಪಿದ್ದಲ್ಲ. ಹತ್ತು ಮಾರು ಹೋಗುವಷ್ಟರಲ್ಲಿ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕರಿಮಣ್ಣು ಮೆತ್ತಿಕೊಂಡು ಗಾಲಿ ತಿರುಗುವುದೇ ನಿಲ್ಲುತ್ತದೆ. ಸವಾರ ಇಳಿದು, ಬೇಲಿಯ ಕಡ್ಡಿ ಮುರಿದು ಮಣ್ಣು ಕೆರೆಯುತ್ತಾನೆ. ಮತ್ತೆ ಹತ್ತು ಮಾರು. ಕೊನೆಗೆ ಸೈಕಲ್ಲು ಸವಾರನನ್ನು ಹೊರುವ ಬದಲು ಸವಾರನೇ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಊರು ಸೇರುತ್ತಾನೆ. ಇದಕ್ಕೆ ರೈತ ಕಂಡುಕೊಂಡ ಉಪಾಯ ಸರಳವಾದದ್ದು. ಮಳೆ ಹಿಡಿಯುವ ಮೊದಲೇ ಮಡ್‌ಗಾರ್ಡ್ ಬಿಚ್ಚಿ ಮೂಲೆಗಿಡುವುದು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮರಿನ್ ಎಂಬ ಗುಡ್ಡಗಾಡಿನ ಜಿಲ್ಲೆಯಿದೆ. 1970ರ ದಶಕದಲ್ಲಿ ಅಲ್ಲಿನ ಕೆಲವು ಹುಡುಗರು ಮಾಡಿದ್ದೂ ಇದನ್ನೇ. ಗುಜರಿ ಅಂಗಡಿಯಲ್ಲಿ ಬಿದ್ದಿದ್ದ, 1930-40ರ ದಶಕಗಳ ಷ್ವಿನ್ ಕಂಪನಿಯ ಭಾರವಾದ ಉಕ್ಕಿನ ಸೈಕಲ್ಲುಗಳನ್ನು ತಂದು, ಮಡ್‌ಗಾರ್ಡು ಮೊದಲಾದ ಅಲಂಕಾರಗಳನ್ನೆಲ್ಲ ಕಿತ್ತೆಸೆದು, ಗುಡ್ಡದ ಮಣ್ಣು ದಾರಿಯಲ್ಲಿ ಇಳಿಬಿಟ್ಟರು. 1976ರಲ್ಲಿ ಇದೇ ಒಂದು ಪಂದ್ಯವಾಯಿತು. ಮೂರು ಕಿಲೋಮೀಟರಿಗೂ ಉದ್ದದ ಆ ಇಳಿಜಾರಿನಲ್ಲಿ ಹಿಂಗಾಲಿಯ ಬ್ರೇಕು ಎಷ್ಟು ಕಾಯುತ್ತಿತ್ತೆಂದರೆ, ಹಬ್ಬಿನೊಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲ ಇಳಿದ ಮೇಲೂ ಗ್ರೀಸ್ ಹೊಸದಾಗಿ ತುಂಬಬೇಕು. ಹಾಗಾಗಿ ಪಂದ್ಯಕ್ಕೇ ‘ರೀಪ್ಯಾಕ್’ ಎಂದು ಹೆಸರು ಬಿತ್ತು. 1977ರಲ್ಲಿ ಜೋ ಬ್ರೀಜ್ ಎಂಬಾತ ಇದೇ ಕೆಲಸಕ್ಕೆಂದು ಗಟ್ಟಿ ಉಕ್ಕಿನ ಕೊಳವೆಗಳಿಂದ ಹೊಸ ಚೌಕಟ್ಟು ಕಟ್ಟಿದ. 1979ರಲ್ಲಿ ಗ್ಯಾರಿ ಫಿಶರ್, ಚಾರ್ಲಿ ಕೆಲ್ಲಿ ಸೇರಿ ವ್ಯಾಪಾರ ಆರಂಭಿಸಿದರು. ಅವರಿಗೆ ಚೌಕಟ್ಟು ಕಟ್ಟಿಕೊಟ್ಟವನು ಟಾಮ್ ರಿಚೀ. ‘ಮೌಂಟನ್ ಬೈಕ್’ ಎಂಬ ಮಾತು ಪ್ರಚಾರಕ್ಕೆ ಬಂದದ್ದು ಹೀಗೆ.

ಇದರಲ್ಲಿ ಒಂದು ಸ್ವಾರಸ್ಯವಿದೆ. ಷ್ವಿನ್ ಕಂಪನಿ 1933ರಲ್ಲಿ ತಂದ ದಪ್ಪ ಟೈರಿನ ಅಳತೆ 26 ಇಂಚು ಗುಣಿಸು 2.125. ಇಂದು ಶಹಾಬಾದಿನಲ್ಲೋ ಚಿತ್ತಾಪುರದಲ್ಲೋ ಯಾವುದೇ ಸೈಕಲ್ ಅಂಗಡಿಗೆ ಹೋಗಿ ‘ರೇಂಜರ್ ಟೈರು ಕೊಡಿ’ ಎಂದು ಕೇಳಿ. ಗೋಡೆಯ ಮೊಳೆಯಿಂದ ಇಳಿಸಿಕೊಡುವ ಟೈರಿನ ಮಗ್ಗುಲಲ್ಲಿ ಬರೆದಿರುವುದು ಸಾಮಾನ್ಯವಾಗಿ ಅದೇ ಅಳತೆ.

ಈ ಸೀಮೆಯಲ್ಲಿ ಸೈಕಲ್ಲಿಗೆ ಹಳೆಯ ನಂಟಿದೆ. ವಾಡಿ 1870ರ ದಶಕದಿಂದಲೇ ರೈಲು ಜಂಕ್ಷನ್. ಮುಂಬಯಿ-ರಾಯಚೂರು ಮಾರ್ಗದಿಂದ ನಿಜಾಮರ ರೈಲು ಇಲ್ಲಿಯೇ ಕವಲೊಡೆದು, ಚಿತ್ತಾಪುರ, ಸೇಡಂ ಹಾದು ಸಿಕಂದರಾಬಾದಿಗೆ ಹೋಯಿತು. ಶಹಾಬಾದಿನ ಹಾಸುಗಲ್ಲು ದೇಶದ ಎಷ್ಟೋ ಮನೆಗಳ ನೆಲವಾಯಿತು. 1968ರಲ್ಲಿ ವಾಡಿಯಲ್ಲಿ ಎಸಿಸಿ ಸಿಮೆಂಟ್ ಕಾರ್ಖಾನೆ ಬಂತು. 1980ರ ದಶಕದಲ್ಲಿ ಸೇಡಂ, ಮಳಖೇಡಗಳಲ್ಲೂ ಸಿಮೆಂಟ್ ಕಾರ್ಖಾನೆಗಳೆದ್ದವು. ರೈಲು ನಿಲ್ದಾಣದಿಂದ ಹಳ್ಳಿಗೆ, ಹಳ್ಳಿಯಿಂದ ಗಣಿಗೆ, ಗಣಿಯಿಂದ ಕಾರ್ಖಾನೆಯ ಗೇಟಿಗೆ ಜನರನ್ನು ಮುಟ್ಟಿಸಿದ್ದು ಕಪ್ಪು ಬಣ್ಣದ, 28 ಇಂಚು ಗಾಲಿಯ, ಸರಳಿನ ಬ್ರೇಕಿನ ಸೈಕಲ್ಲು. ಅಟ್ಲಾಸ್, ಹೀರೊ, ಹರ್ಕ್ಯುಲಿಸ್ ಎಂಬ ಹೆಸರುಗಳು ಆಗ ಮನೆಮಂದಿಯ ಹೆಸರಿನಷ್ಟೇ ಪರಿಚಿತ. ಇಪ್ಪತ್ತು ಕಿಲೋ ತೂಕದ ಆ ಸೈಕಲ್ಲಿನ ಮೇಲೆ ತೊಗರಿ ಚೀಲ, ಹಾಲಿನ ಕ್ಯಾನು, ಮೇವಿನ ಹೊರೆ, ಎರಡು ಮಕ್ಕಳು ಮತ್ತು ಅವರ ತಾಯಿ ಎಲ್ಲರಿಗೂ ಜಾಗವಿತ್ತು. ಅದನ್ನು ಯಾರೂ ‘ಬಹೂಪಯೋಗಿ’ ಎಂದು ಕರೆಯಲಿಲ್ಲ. ಸೈಕಲ್ಲೆಂದರೆ ಹಾಗೆಯೇ ಇರಬೇಕೆಂದು ತಿಳಿದಿದ್ದರು.

ಆ ಕಪ್ಪು ಸೈಕಲ್ಲಿನ ಕಿರಿಯ ತಮ್ಮನೇ ‘ರೇಂಜರ್’. ಹೀರೊ ಕಂಪನಿ ಒಂದು ಮಾದರಿಗೆ ಇಟ್ಟ ಹೆಸರು ಜನರ ಬಾಯಲ್ಲಿ ದಪ್ಪ ಟೈರಿನ ಎಲ್ಲ ಸೈಕಲ್ಲುಗಳಿಗೂ ಅಂಟಿತು. 1990ರ ದಶಕದಲ್ಲಿ ಕಾಲೇಜು ಹುಡುಗರ ಕನಸು ಅದು. ಚೌಕಟ್ಟು ಉಕ್ಕಿನದೇ, ಟೈರು ದಪ್ಪ, ಹ್ಯಾಂಡಲ್ ನೇರ. ಆಮೇಲಾಮೇಲೆ ಮುಂದಿನ ಫೋರ್ಕಿಗೆ ಸ್ಪ್ರಿಂಗು ಸೇರಿತು. ಹೀಗೆ ಮುಂದೆ ಸ್ಪ್ರಿಂಗು, ಹಿಂದೆ ಏನೂ ಇಲ್ಲದ ಗಟ್ಟಿ ಚೌಕಟ್ಟು ಇರುವುದಕ್ಕೆ ಸೈಕಲ್ ಪ್ರಿಯರ ಭಾಷೆಯಲ್ಲಿ ‘ಹಾರ್ಡ್‌ಟೇಲ್’ ಎನ್ನುತ್ತಾರೆ. ಗಟ್ಟಿಬಾಲದ ಸೈಕಲ್ಲು ಎಂದರೆ ನಗು ಬಂದೀತು. ಅರ್ಥ ಮಾತ್ರ ಅದೇ.

ಇಂದು ಪೇಟೆಯಲ್ಲಿ ಹಗುರವಾದ ಅಲ್ಯೂಮಿನಿಯಂ ಸೈಕಲ್ಲುಗಳಿವೆ. ಲಕ್ಷಗಟ್ಟಲೆ ಬೆಲೆಯ ಕಾರ್ಬನ್ ಸೈಕಲ್ಲುಗಳೂ ಇವೆ. ಹೀಗಿದ್ದೂ ಜಗತ್ತಿನಾದ್ಯಂತ ಬಲ್ಲ ಸವಾರರು ಉಕ್ಕಿನ ಹಾರ್ಡ್‌ಟೇಲನ್ನು ಬಿಟ್ಟಿಲ್ಲ. ಏಕೆ? ‘ಉಕ್ಕು ಮೆತ್ತಗೆ ಓಡುತ್ತದೆ’ ಎಂಬುದು ಅವರು ಕೊಡುವ ಮೊದಲ ಕಾರಣ. ಇದರಲ್ಲಿ ಸ್ವಲ್ಪ ಅಭಿಮಾನವೂ ಬೆರೆತಿದೆಯೆನ್ನಬೇಕು. ಮೆತ್ತನೆಯ ಬಹುಪಾಲು ದಪ್ಪ ಟೈರಿನೊಳಗಿನ ಗಾಳಿಯದು. ನಿಜವಾದ ಕಾರಣ ಬೇರೆ ಇದೆ.

ಲೋಹ ದಣಿಯುತ್ತದೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತ ಹೋದರೆ ಕೊನೆಗೆ ಪಟ್ಟೆಂದು ಮುರಿಯುವುದನ್ನು ಎಲ್ಲರೂ ಕಂಡಿದ್ದೇವೆ. ಆದರೆ ಉಕ್ಕಿಗೆ ಒಂದು ಮಿತಿಯುಂಟು. ಆ ಮಿತಿಗಿಂತ ಕಡಿಮೆ ಒತ್ತಡ ಎಷ್ಟು ಲಕ್ಷ ಸಲ ಬಿದ್ದರೂ ಅದು ತಡೆದುಕೊಳ್ಳುತ್ತದೆ. ಅಲ್ಯೂಮಿನಿಯಮ್ಮಿಗೆ ಅಂಥ ಸ್ಪಷ್ಟ ಮಿತಿಯಿಲ್ಲ. ಪ್ರತಿಯೊಂದು ಕುಲುಕೂ ಅದರ ಲೆಕ್ಕದ ಪುಸ್ತಕದಲ್ಲಿ ಜಮೆಯಾಗುತ್ತ ಹೋಗುತ್ತದೆ. ಅದಕ್ಕಾಗಿಯೇ ಅಲ್ಯೂಮಿನಿಯಂ ಕೊಳವೆಗಳನ್ನು ದಪ್ಪವಾಗಿ ಮಾಡುತ್ತಾರೆ. ಉಕ್ಕಿನ ತೂಕ ಅಲ್ಯೂಮಿನಿಯಮ್ಮಿನ ಸುಮಾರು ಮೂರು ಪಟ್ಟು ನಿಜ, ಆದರೆ ಅದರ ಬಿಗಿಯೂ ಸುಮಾರು ಮೂರು ಪಟ್ಟು. ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ‘ಕ್ರೋಮೋಲಿ’ ಉಕ್ಕಿನಲ್ಲಂತೂ ತೆಳುವಾದ ಕೊಳವೆಗಳೇ ಸಾಕಾಗುತ್ತವೆ.

ಇದಕ್ಕಿಂತ ಮುಖ್ಯವಾದ ಸಂಗತಿ ಮುರಿದ ಮೇಲಿನದು. ಸಾಧಾರಣ ಉಕ್ಕಿನ ಚೌಕಟ್ಟು ಚಿಂಚೋಳಿಯ ತಾಂಡಾದ ದಾರಿಯಲ್ಲಿ ಮುರಿಯಿತೆನ್ನಿ. ಟ್ರ್ಯಾಕ್ಟರ್ ಟ್ರಾಲಿ ರಿಪೇರಿ ಮಾಡುವ ವೆಲ್ಡಿಂಗ್ ಅಂಗಡಿಗೆ ಒಯ್ದರೆ ಅದೇ ದಿನ ಮತ್ತೆ ಸವಾರಿ. ಬೆಸುಗೆ ನೋಡಲು ಚಂದವಿರದು, ಆದರೆ ಕೆಲಸ ನಿಲ್ಲದು. ಕ್ರೋಮೋಲಿಯ ತೆಳು ಕೊಳವೆಗೆ ಪಳಗಿದ ಕೈ ಬೇಕು. ಅಲ್ಯೂಮಿನಿಯಮ್ಮಿಗೆ ಆರ್ಗಾನ್ ಅನಿಲದ ಬೆಸುಗೆ ಬೇಕು. ಕಳೆದುಹೋದ ಬಲ ಪೂರಾ ಮರಳಲು ಅನಂತರ ಕುಲುಮೆಯಲ್ಲಿ ಹದವಾದ ಶಾಖವನ್ನೂ ಕೊಡಬೇಕು. ಸಣ್ಣ ಊರುಗಳಲ್ಲಿ ಅದೆಲ್ಲಿ ಸಿಕ್ಕೀತು? ಚೌಕಟ್ಟು ಮುರಿದರೆ ಸೈಕಲ್ಲಿನ ಕತೆ ಮುಗಿದಂತೆಯೇ.

ಇಲ್ಲಿನ ನೆಲವೂ ಒಂದೇ ಬಗೆಯದಲ್ಲ. ಶಹಾಬಾದ್, ವಾಡಿ, ಚಿತ್ತಾಪುರದ ಸುತ್ತ ಸುಣ್ಣಕಲ್ಲು. ಅದರ ಚಕ್ಕೆಗಳ ಅಂಚು ಚಾಕುವಿನ ಹಾಗೆ ಟೈರಿನ ಮಗ್ಗುಲನ್ನು ಸೀಳುತ್ತದೆ. ಅದರ ಬಿಳಿ ಪುಡಿ ಎಣ್ಣೆಯೊಡನೆ ಬೆರೆತರೆ ಚೈನನ್ನು ಅರೆಯುವ ಗಂಧವಾಗುತ್ತದೆ. ಸೇಡಂ ಕಡೆ ಹೊಲದ ದಾರಿಗೆ ಇಳಿದರೆ ಎರೆಮಣ್ಣು. ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಾಡಿನತ್ತ ಏರಿದರೆ ಕೆಂಪು ಜಂಬಿಟ್ಟಿಗೆಯ ನೆಲ, ಏರುತಗ್ಗು. ರೈಲು ಕಾಣದ ತಾಲ್ಲೂಕು ಅದು. ಜಾಲಿಮುಳ್ಳು ಮಾತ್ರ ಎಲ್ಲ ಕಡೆಗೂ ಸಮಾನ. ಈ ಎಲ್ಲ ನೆಲಕ್ಕೂ ಒಂದೇ ಸೈಕಲ್ಲು ಬೇಕೆಂದರೆ ಅಗಲ ಟೈರು ಬೇಕು, ಟೈರಿಗೂ ಚೌಕಟ್ಟಿಗೂ ನಡುವೆ ಮಣ್ಣು ಉದುರಿ ಹೋಗುವಷ್ಟು ಎಡೆ ಬೇಕು, ಕ್ಯಾರಿಯರ್ ಕಟ್ಟಲು ತೂತುಗಳಿರಬೇಕು, ಸವೆಯುವ ಭಾಗಗಳು ಕಡಿಮೆಯಿರಬೇಕು. ಇವೇ ಉಕ್ಕಿನ ಹಾರ್ಡ್‌ಟೇಲಿನ ಲಕ್ಷಣಗಳು.

ಈ ಮಾತು ಇಲ್ಲಿ ಹೇಳಲು ಕಾರಣವಿದೆ. ಅಗ್ಗದ ಸೈಕಲ್ಲುಗಳಲ್ಲಿ ಈಗ ಹಿಂದಕ್ಕೂ ಒಂದು ದಪ್ಪ ಸ್ಪ್ರಿಂಗು ಕೂಡಿಸಿ, ಮೋಟಾರ್ ಸೈಕಲ್ಲಿನ ಠೀವಿ ಕೊಟ್ಟು ಮಾರುವುದುಂಟು. ಮಕ್ಕಳ ಕಣ್ಣು ಹೋಗುವುದು ಅದರ ಮೇಲೆಯೇ. ಆ ಸ್ಪ್ರಿಂಗಿನಿಂದ ತೂಕ ಹೆಚ್ಚುತ್ತದೆ. ಪೆಡಲ್ ತುಳಿದ ಬಲದಲ್ಲಿ ಒಂದು ಪಾಲು ಕುಪ್ಪಳಿಸುವುದಕ್ಕೇ ಖರ್ಚಾಗುತ್ತದೆ. ಅದರ ಕೀಲುಗಳ ಬುಷ್ಷಿಗೆ ಸುಣ್ಣಕಲ್ಲಿನ ಧೂಳು ಸೇರಿದರೆ ಹಿಂಗಾಲಿ ಅತ್ತಿತ್ತ ತೂಗಾಡತೊಡಗುತ್ತದೆ. ಕ್ಯಾರಿಯರ್ ಕೂಡಿಸಲು ಜಾಗವೂ ಇರದು. ಕೂಲಿಯ ಹಣ ಕೂಡಿಸಿ ಮಗಳಿಗೆ ಸೈಕಲ್ ಕೊಡಿಸುವ ತಂದೆಗೆ ಇದು ಬರೀ ಅಭಿರುಚಿಯ ಪ್ರಶ್ನೆಯಲ್ಲ.

ಏಕೆಂದರೆ ಹಿಂದೆ ಸರ್ಕಾರದ ಸೈಕಲ್ಲಾದರೂ ಇತ್ತು. ರಾಜ್ಯದಲ್ಲಿ 2006-07ರಲ್ಲಿ ಆರಂಭವಾದ ಎಂಟನೇ ತರಗತಿಯ ಉಚಿತ ಸೈಕಲ್ ಯೋಜನೆ ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳನ್ನು ಪಕ್ಕದೂರಿನ ಹೈಸ್ಕೂಲಿಗೆ ತಲುಪಿಸಿತು. 2020ರಲ್ಲಿ ಕೊರೋನಾ ಬಂದು ಶಾಲೆ ಮುಚ್ಚಿದಾಗ ವಿತರಣೆ ನಿಂತಿತು. ಅದೇ ವರ್ಷದ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್ ಕಂಪನಿ ದೆಹಲಿ ಬಳಿಯ ಸಾಹಿಬಾಬಾದಿನ ಕಾರ್ಖಾನೆಯನ್ನು ನಿಲ್ಲಿಸಿತು. 1951ರಲ್ಲಿ ಸೋನಿಪತ್‌ನಲ್ಲಿ ಹುಟ್ಟಿದ ಕಂಪನಿ ಅದು. ಇತ್ತ ಊರೂರಲ್ಲಿ ಮೋಟಾರ್ ಸೈಕಲ್ಲು ಬಂದಂತೆ ಹಳೆಯ ಉಕ್ಕಿನ ಚೌಕಟ್ಟುಗಳು ಗುಜರಿಗೆ, ಅದೂ ಕಿಲೋ ಲೆಕ್ಕದಲ್ಲಿ, ಹೋಗುತ್ತಿವೆ.

ಹಾಗೆ ತೂಕಕ್ಕೆ ಹಾಕುವ ಮುನ್ನ ಮೂಲೆಯಲ್ಲಿರುವ ರೇಂಜರನ್ನು ಒಮ್ಮೆ ನೋಡಬಹುದು. ಪೆಡಲಿನ ಅಚ್ಚು ಕೂರುವ ಕೊಳವೆಯನ್ನು ಮೊದಲು ಪರೀಕ್ಷಿಸಬೇಕು. ಮಳೆನೀರು ಇಳಿದು ನಿಲ್ಲುವುದು ಅಲ್ಲಿಯೇ, ತುಕ್ಕು ಒಳಗಿನಿಂದ ತಿನ್ನುವುದೂ ಅಲ್ಲಿಯೇ. ಅಲ್ಲಿನ ಮರೆಗಳು ಸವೆಯದೆ, ಕೊಳವೆಗಳ ಸಂದಿಯಲ್ಲಿ ಬಿರುಕಿಲ್ಲದೆ ಇದ್ದರೆ ಚೌಕಟ್ಟು ಉಳಿದಂತೆಯೇ. ಸೀಟಿನ ಕೊಳವೆಯಿಂದ ಸ್ವಲ್ಪ ಎಣ್ಣೆ ಸುರಿದು ಸೈಕಲ್ಲನ್ನು ಹೊರಳಿಸಿ ಇಟ್ಟರೆ ತುಕ್ಕು ನಿಧಾನವಾಗುತ್ತದೆ. ಕಾಟರ್ ಪಿನ್ನು, ಬ್ರೇಕಿನ ರಬ್ಬರು, ಚೈನು, ಎರಡು ಟೈರು, ಟ್ಯೂಬು – ಇವು ಬದಲಾಗಬೇಕು. ಹಳೆಯ ಕಪ್ಪು ಸೈಕಲ್ಲಿನ 28 ಇಂಚಿನ ರಿಮ್ಮು ಇದಕ್ಕೆ ಹೊಂದದು. ಆ ಸಾಹಸ ಬೇಡ. ಮಡ್‌ಗಾರ್ಡನ್ನು ಮಾತ್ರ ದೀಪಾವಳಿ ಕಳೆದು ನೆಲ ಒಣಗಿದ ಮೇಲೆ ಕೂಡಿಸಿದರಾಯಿತು.