ನೆಡುವ ಕೈ, ನೀರೆರೆಯುವ ಕೈ
(ವಿದ್ಯಾರ್ಥಿಗಳ ಪರಿಸರ ಶಿಬಿರದ ಸಮಾರೋಪದಲ್ಲಿ ಆಡಿದ ಮಾತುಗಳ ಬರಹರೂಪ)



ಮೂರು ದಿನಗಳಿಂದ ನೀವು ಶಾಲೆಯ ಹಿಂದಿನ ಬೋಳುಗುಡ್ಡದಲ್ಲಿ ಗಿಡ ನೆಟ್ಟಿದ್ದೀರಿ. ಮಳೆ ಹಿಡಿದಿದೆ, ಮಣ್ಣು ಮೆತ್ತಗಿದೆ, ಉತ್ಸಾಹಕ್ಕೂ ಕೊರತೆಯಿಲ್ಲ. ನನಗಿರುವ ಆತಂಕ ಬರುವ ಮಾರ್ಚ್ ತಿಂಗಳದ್ದು. 1950ರಲ್ಲಿ ಕೆ. ಎಂ. ಮುನ್ಷಿಯವರು ವನಮಹೋತ್ಸವ ಆರಂಭಿಸಿದಂದಿನಿಂದ ಜುಲೈಯಲ್ಲಿ ನೆಡುವ ಕೈಗಳಿಗೆ ಬರವಿಲ್ಲ. ಬೇಸಿಗೆಯಲ್ಲಿ ನೀರು ಹೊರುವ ಕೈಗಳೇ ವಿರಳ. ಒಂದೇ ಗುಂಡಿಯಲ್ಲಿ ಮೂರು ವರ್ಷ ಮೂರು ಸಲ ಗಿಡ ನೆಟ್ಟು ಫೋಟೋ ತೆಗೆಸಿಕೊಂಡದ್ದನ್ನು ನಾನು ಕಂಡಿದ್ದೇನೆ. ಆ ಫೋಟೋದಲ್ಲಿ ನಾನೂ ಇದ್ದೇನೆ.

ನಿನ್ನೆ ನಿಮ್ಮಲ್ಲಿ ಹಲವರು 'ನಾನು ಪರಿಸರವಾದಿಯಾಗಬೇಕು' ಎಂದಿರಿ. ಸಂತೋಷ. ಆದರೆ ಅದು ಬಹು ದೊಡ್ಡ ಹೆಸರು. ಈ ದಿನ ನಾನು ಅದಕ್ಕೆ ತಕ್ಕಂತೆ ನಡೆದೆನೇ ಎಂದು ರಾತ್ರಿ ಮಲಗುವಾಗ ಕೇಳಿಕೊಂಡರೆ ಉತ್ತರ ದೊರೆಯುವುದಿಲ್ಲ. 'ಈ ಐದು ಗಿಡಗಳಿಗೆ ನೀರು ಹಾಕುವವನು ನಾನು' ಎಂದುಕೊಂಡರೆ ಉತ್ತರ ತಕ್ಷಣ ದೊರೆಯುತ್ತದೆ.

2025ರ ನವೆಂಬರ್ 14ರಂದು ನಮ್ಮನ್ನಗಲಿದ ತಿಮ್ಮಕ್ಕನವರನ್ನು ನೆನೆಯಿರಿ. ಕೂಲಿ ಮಾಡಿ ಬದುಕುತ್ತಿದ್ದ ಅವರೂ ಪತಿ ಚಿಕ್ಕಯ್ಯನವರೂ ಹುಲಿಕಲ್‌ನಿಂದ ಕುದೂರಿಗೆ ಹೋಗುವ ರಸ್ತೆಯ ಬದಿಯಲ್ಲಿ ಮೊದಲ ವರ್ಷ ನೆಟ್ಟದ್ದು 10 ಆಲದ ಸಸಿ. ಮರುವರ್ಷ 15, ಅದರ ಮರುವರ್ಷ 20. ನೂರರಿಂದ ಆರಂಭಿಸಲಿಲ್ಲ. ಬಿಂದಿಗೆಗಳಲ್ಲಿ ನೀರು ಹೊತ್ತರು, ದನ ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರು. 'ಸಾಲುಮರದ' ಎಂಬ ಹೆಸರು ಬಂದದ್ದು ಆಮೇಲೆ. ಪದ್ಮಶ್ರೀ ಬಂದದ್ದು 2019ರಲ್ಲಿ.

ಇಪ್ಪತ್ತೊಂದು ದಿನ ಮಾಡಿದರೆ ಯಾವುದೂ ಅಭ್ಯಾಸವಾಗುತ್ತದೆಂಬ ಮಾತನ್ನು ನೀವು ಕೇಳಿರಬಹುದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಹನ್ನೆರಡು ವಾರ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಹೇಳಿತು. ಅಭ್ಯಾಸ ಬೇರೂರಲು ಬೇಕಾದ ಕಾಲ ಒಬ್ಬೊಬ್ಬರಿಗೆ ಒಂದೊಂದು ಬಗೆ: 18 ದಿನಗಳಿಂದ 254 ದಿನಗಳವರೆಗೆ ಎಂದು ಅವರ ಅಂದಾಜು, ನಡುವಿನ ಲೆಕ್ಕ 66. ಅವರೆಲ್ಲ ಹೊಸ ಕೆಲಸವನ್ನು ಬೆಳಗಿನ ತಿಂಡಿಯಂತಹ, ದಿನವೂ ನಡೆಯುವ ಒಂದು ಸಂಗತಿಗೆ ಜೋಡಿಸಿಕೊಂಡಿದ್ದರು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂತಹ ಹಾನಿಯಾಗಲಿಲ್ಲ.

ಈ ಕೊನೆಯ ಮಾತು ನನಗೆ ಮೊದಲೇ ತಿಳಿದಿದ್ದರೆ ಚೆನ್ನಾಗಿತ್ತು. ನಮ್ಮ ಅಂಗಳದಲ್ಲಿ ಮಳೆಮಾಪಕ ಇಟ್ಟು ದಿನವೂ ಬರೆಯತೊಡಗಿದೆ. ಶ್ರಾವಣದಲ್ಲಿ ನೆಂಟರ ಮನೆಗೆ ಹೋಗಿ ಎರಡು ದಿನ ತಪ್ಪಿತು. ಲೆಕ್ಕ ಕೆಟ್ಟಿತೆಂಬ ಬೇಸರದಲ್ಲಿ ಪುಸ್ತಕವನ್ನೇ ಮುಚ್ಚಿಟ್ಟೆ. ಎರಡು ಮಳೆಗಾಲ ಹಾಗೆಯೇ ಕಳೆದವು. ಈಗ ದೇವರಿಗೆ ಹೂ ಕೊಯ್ದು ಬರುವಾಗ, ಹವಾಮಾನ ಇಲಾಖೆಯ ಕ್ರಮದಂತೆ ಬೆಳಗ್ಗೆ 8.30ಕ್ಕೆ ಅಳೆಯುತ್ತೇನೆ. ತಪ್ಪಿದರೆ ಮರುದಿನ 'ಎರಡು ದಿನದ ಒಟ್ಟು' ಎಂದು ಬರೆದು ಮುಂದುವರಿಯುತ್ತೇನೆ.

ಇನ್ನು ನಮ್ಮ ಗುಡ್ಡದ ವಿಷಯ. ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ ಶಾಲೆಗೆ ರಜೆ. ಗಿಡಗಳು ಬಾಯಾರುವುದೂ ಆಗಲೇ. ಮಕ್ಕಳ ಮೇಲೆ ಮಾತ್ರ ಭಾರ ಹಾಕಿದರೆ ಕಳೆದ ವರ್ಷದ ಕತೆಯೇ ಆದೀತು. ಹಿರಿಯರಲ್ಲಿ ನನ್ನ ಕೋರಿಕೆಯಿದು: ಡೇರಿಗೆ ಹಾಲು ಹಾಕಲು ಈ ದಾರಿಯಲ್ಲೇ ಹೋಗುವವರು ಮರಳುವಾಗ ಖಾಲಿ ಕ್ಯಾನಿನಲ್ಲಿ ಕೆಳಗಿನ ಕೆರೆಯ ನೀರು ತರಬಹುದು. ಹಸುವಿಗೆ ಬೇಸಿಗೆ ರಜೆಯಿಲ್ಲವಷ್ಟೆ. ಬುಡಕ್ಕೆ ದರಗು ಮುಚ್ಚಿದ್ದರೆ ದಿನ ಬಿಟ್ಟು ದಿನ ಹಾಕಿದರೂ ಸಾಕು.

ಬಾಗಿಲ ಬಳಿ ಪಟ್ಟಿಯಿದೆ. ಒಂದೊಂದು ಗಿಡದ ಎದುರು ಇಬ್ಬರ ಹೆಸರು ಬರಲಿ, ವಿದ್ಯಾರ್ಥಿಯದೊಂದು, ಡೇರಿಗೆ ಹೋಗುವವರದೊಂದು. ಈ ದಾರಿಯಲ್ಲಿ ಓಡಾಡದವರು ದಾಕ್ಷಿಣ್ಯಕ್ಕೆ ಹೆಸರು ಬರೆಯುವುದು ಬೇಡ. ನನ್ನ ಮನೆ ಆಚೆ ದಡದಲ್ಲಿ. ಹಾಗಾಗಿ ನಾನು ಬರೆದಿಲ್ಲ, ಬೇಲಿಗೆ ಮುಳ್ಳು ತರುತ್ತೇನೆ.